ಅಟ್ಲಾಂಟಿಸ್‌ಗೆ ತಂಡ ಹೊರಟಿದೆ

ಕಾಫಿ ಆರುವ ಮೊದಲೇ ಒಂದು ಉತ್ಖನನಕ್ಕೆ ಹೊರಡೋಣವೇ? ಜಾಗ ಅಟ್ಲಾಂಟಿಸ್. ಗ್ರೀಸಿನ ಪ್ಲೇಟೋ ಸುಮಾರು 2,400 ವರ್ಷಗಳ ಹಿಂದೆ ಬರೆದ ಕಥೆಯ ದ್ವೀಪ ಅದು. ಹಾಗಾಗಿ ಯಾರ ಅಪ್ಪಣೆಯೂ ಬೇಡ, ಖರ್ಚೂ ಇಲ್ಲ.

ನಕ್ಷೆಯನ್ನು ಅವನೇ ಕೊಟ್ಟಿದ್ದಾನೆ. ನಡುವೆ ಒಂದು ಗುಡ್ಡ, ಸುತ್ತ ನೀರಿನ ಮೂರು ಬಳೆ, ನೆಲದ ಎರಡು. ಬಿಸಿನೀರಿನದೊಂದು ಬುಗ್ಗೆ, ತಣ್ಣೀರಿನದೊಂದು. ಬಿಳಿ, ಕಪ್ಪು, ಕೆಂಪು ಕಲ್ಲಿನ ಕಟ್ಟಡಗಳು. ಆನೆಗಳೂ ಇದ್ದವಂತೆ! ಒಂದೇ ಹಗಲು ರಾತ್ರಿಯಲ್ಲಿ ಎಲ್ಲವೂ ಮುಳುಗಿತು.

ಬಂಗಾರ ಹುಡುಕುವವರು ದಯವಿಟ್ಟು ಮನೆಯಲ್ಲೇ ಇರಿ. ನಾವು ಅಗೆಯುವುದು ಅಡುಗೆಮನೆ ಹಿಂದಿನ ತಿಪ್ಪೆಯನ್ನು. ಕರಣೆ, ಬ್ರಷ್, ಜರಡಿ, ಟೇಪು ಸಾಕು. ನೆಲಕ್ಕೆ ಚೌಕಚೌಕವಾಗಿ ದಾರ ಕಟ್ಟಿ, ಪದರ ಪದರವಾಗಿ ಕೆರೆಯಬೇಕು, 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ ಮಾರ್ಟಿಮರ್ ವ್ಹೀಲರ್ ಕಲಿಸಿದ ಹಾಗೆ. ಮಡಕೆ ಚೂರು ಸಿಕ್ಕರೆ ಅವಸರದಲ್ಲಿ ಉಜ್ಜಿ ತೊಳೆಯಬೇಡಿ. ಒಳಗೆ ಸೀದು ಅಂಟಿದ್ದರಲ್ಲಿ ಅಲ್ಲಿನವರ ಊಟದ ಸುಳಿವಿರುತ್ತದೆ.

ಪ್ಲೇಟೋ ರಾಜರ ಬಗ್ಗೆ, ಗೂಳಿಯ ಬಲಿಯ ಬಗ್ಗೆ ಬಿಡಿಸಿ ಬಿಡಿಸಿ ಬರೆದ. ಆನೆಗೆ ಮೇವು ಹೊತ್ತವರ ವಿಷಯಕ್ಕೆ ಬರಲಿಲ್ಲ. ನನಗಂತೂ ಅವರನ್ನೇ ನೋಡಬೇಕು.

ಇನ್ನೊಂದು ತೊಡಕು. ದೇವರಾಜ ಸ್ಯೂಸ್ ಸಭೆ ಕರೆದು ಬಾಯಿ ತೆರೆಯುವಷ್ಟರಲ್ಲಿ ಕಥೆಯೇ ನಿಂತುಹೋಗಿದೆ, ಅರ್ಧ ವಾಕ್ಯದಲ್ಲಿ! ಅದಕ್ಕೇ ‘ಆಮೇಲೆ?’ ಎಂದು ಪೀಡಿಸುವ ಮಗುವೊಂದು ತಂಡದಲ್ಲಿರಲೇಬೇಕು. ಉಳಿದಂತೆ ಒಂದಿಬ್ಬರಿಗೆ ಜಾಗವಿದೆ. ಈಜು ಬರಬೇಕು, ಅಷ್ಟೇ.