ಹಳದಿ ರಹದಾರಿ

ವಿಕ್ಟರ್ ಹ್ಯೂಗೋ 1862ರಲ್ಲಿ ಪ್ರಕಟಿಸಿದ ‘ಲೆ ಮಿಸರಾಬ್ಲ್’ ಕಾದಂಬರಿಯ ಜೀನ್ ವಾಲ್ಜೀನನನ್ನು ಶ್ರೋತೃಗಳಲ್ಲಿ ಅನೇಕರು ಬಲ್ಲರು. ಹಸಿದ ಮನೆಮಂದಿಗಾಗಿ ರೊಟ್ಟಿ ಕದ್ದವನು. ತಪ್ಪಿಸಿಕೊಳ್ಳಲು ಯತ್ನಿಸಿದ್ದಕ್ಕೆ ಬಿದ್ದ ಶಿಕ್ಷೆಯೂ ಸೇರಿ 19 ವರ್ಷ ಸೆರೆಯಲ್ಲಿ ಕಳೆದವನು. ಬಿಡುಗಡೆಯ ದಿನ ಅವನಿಗೆ ದೊರೆತುದು ಹಳದಿ ಬಣ್ಣದ ರಹದಾರಿ. ಅದರಿಂದಾಗಿ ಕೆಲಸದಲ್ಲಿ ಅವನಿಗೆ ಉಳಿದವರಿಗಿಂತ ಕಡಿಮೆ ಕೂಲಿ. ಊಟದ ಮನೆಯಲ್ಲಿ ಮುಚ್ಚಿದ ಬಾಗಿಲು. ಶಿಕ್ಷೆ ಮುಗಿದರೂ ಅಪರಾಧಿಯೆಂಬ ಹೆಸರು ಮುಗಿಯಲಿಲ್ಲ.

ಈ ವಾಲ್ಜೀನ 2011ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯದ ತೀರ್ಪೊಂದರಲ್ಲಿ ಕಾಣಿಸಿಕೊಂಡನು. ದೆಹಲಿ ಪೊಲೀಸ್ ಇಲಾಖೆಯ ಹುದ್ದೆಗೆ 1999ರಲ್ಲಿ ಅರ್ಜಿ ಸಲ್ಲಿಸಿದ ತರುಣನೊಬ್ಬ, ಹಿಂದೆ ತನ್ನ ಮೇಲಿದ್ದ ಹೊಡೆದಾಟದ ಮೊಕದ್ದಮೆಯನ್ನು ಅದರಲ್ಲಿ ಕಾಣಿಸಿರಲಿಲ್ಲ. ಅದು ರಾಜಿಯಲ್ಲಿ ಮುಗಿದು ಅವನು ಖುಲಾಸೆ ಹೊಂದಿದ್ದನು. ಆಯ್ಕೆಯ ಬಳಿಕ ದೃಢೀಕರಣ ನಮೂನೆಯಲ್ಲಿ ತಾನೇ ತಿಳಿಸಿದನು. ಇಲಾಖೆ ಆಯ್ಕೆಯನ್ನು ರದ್ದುಪಡಿಸಿತು. ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರಿದ್ದ ಪೀಠವು ವಾಲ್ಜೀನನನ್ನು ನೆನೆದು, ಎಳೆವಯಸ್ಸಿನ ಸಣ್ಣ ತಪ್ಪಿಗೆ ಬಾಳೆಲ್ಲ ಅಪರಾಧಿಯೆಂಬ ಮುದ್ರೆಯೊತ್ತುವುದು ಸಲ್ಲದೆಂದು ತರುಣನ ಪರ ತೀರ್ಪಿತ್ತಿತು.

ಹಾಗೆಂದು ಮುಚ್ಚಿಟ್ಟರೂ ನಡೆದೀತೆಂದು ಯಾರೂ ಭಾವಿಸಲಾಗದು. 2016ರಲ್ಲಿ ಅದೇ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠ ಈ ವಿಷಯದ ನಿಯಮಗಳನ್ನು ಕ್ರೋಡೀಕರಿಸಿತು. ಕೇಳಿದ್ದಕ್ಕೆ ಅಭ್ಯರ್ಥಿ ಸತ್ಯವನ್ನೇ ನುಡಿಯಬೇಕು. ಸ್ಪಷ್ಟವಾಗಿ ಕೇಳದುದನ್ನು ಮುಚ್ಚಿಟ್ಟನೆಂದು ಅವನ ಮೇಲೆ ಕ್ರಮ ಜರುಗಿಸಲಾಗದು. ತಾರುಣ್ಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಸಂಗತಿಯನ್ನು ಮರೆಮಾಡಿದ್ದರೆ ನೇಮಕಾಧಿಕಾರಿ ಮನ್ನಿಸಬಹುದು. ಸೇವೆ ಖಾಯಮಾದವನನ್ನು ಇಂಥ ಕಾರಣಕ್ಕೆ ತೆಗೆಯುವ ಮುನ್ನ ಇಲಾಖಾ ವಿಚಾರಣೆ ನಡೆಯಬೇಕು. ಆದರೆ ನಿಜ ನುಡಿದ ಮಾತ್ರಕ್ಕೆ ಹುದ್ದೆ ಕೊಡಲೇಬೇಕೆಂಬ ಹಕ್ಕು ಹುಟ್ಟದು.

ಇಲ್ಲೊಂದು ಎಚ್ಚರ ಅಗತ್ಯ. ಖುಲಾಸೆಯಾದವರು ‘ನಿಮ್ಮ ಮೇಲೆ ಎಂದಾದರೂ ಮೊಕದ್ದಮೆ ನಡೆದಿತ್ತೆ?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದುಬಿಡುವುದುಂಟು. ಪ್ರಶ್ನೆ ಇರುವುದು ಮೊಕದ್ದಮೆಯನ್ನು ಕುರಿತು, ಶಿಕ್ಷೆಯನ್ನು ಕುರಿತಲ್ಲ. ‘ಹೌದು’ ಎಂದು ಬರೆದು ತೀರ್ಪಿನ ನಕಲನ್ನು ಲಗತ್ತಿಸುವುದೇ ಕ್ಷೇಮ.

ಇಂಗ್ಲೆಂಡಿನಲ್ಲಿ 1974ರ ಕಾಯಿದೆಯೊಂದು, ನಿಗದಿಯಾದ ಕಾಲ ಕಳೆದ ಮೇಲೆ ಅನೇಕ ಶಿಕ್ಷೆಗಳನ್ನು ಸಂದುಹೋದವೆಂದೇ ಎಣಿಸುತ್ತದೆ. ನಮ್ಮಲ್ಲಿ ವಯಸ್ಕರಿಗೆ ಅಂಥ ಸಾರ್ವತ್ರಿಕ ಕಾಯಿದೆ ಇಲ್ಲ. 1958ರ ಪ್ರೊಬೇಷನ್ ಕಾಯಿದೆಯ ಮೇರೆಗೆ ಬಿಡುಗಡೆಯಾದವನಿಗೆ, ಅಪರಾಧ ರುಜುವಾತಾದುದರಿಂದ ಕಾನೂನಿನಲ್ಲಿ ಬರುವ ಅನರ್ಹತೆ ತಟ್ಟದು. 2015ರ ಬಾಲನ್ಯಾಯ ಕಾಯಿದೆ ಮಕ್ಕಳಿಗೂ ಅಂಥ ರಕ್ಷಣೆಯನ್ನು ನೀಡಿದೆ. ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾಗಿ ದೋಷಿಗಳೆನಿಸಿದ 16 ದಾಟಿದವರು ಮಾತ್ರ ಇದಕ್ಕೆ ಹೊರತು.

ಹಳೆಯದನ್ನು ಮರೆತುಬಿಡಿರೆಂದು ಅಭ್ಯರ್ಥಿ ಕೇಳಲಾರನು. ಅದನ್ನು ತೂಗಿ ನೋಡಿರೆಂದು ಕೇಳುವ ಅಧಿಕಾರ ಅವನಿಗುಂಟು. ತಪ್ಪಿನ ಗಾತ್ರ, ಅಂದಿನ ವಯಸ್ಸು, ಅನಂತರದ ನಡತೆ, ಹುದ್ದೆಯ ಸ್ವರೂಪ ಇವೆಲ್ಲವೂ ತಕ್ಕಡಿಗೆ ಬರಬೇಕು. ಸತ್ಯ ಹೇಳಿದವನಿಗೆ ಬಾಗಿಲು ಮುಚ್ಚುವ ಸಮಾಜ, ಮುಂದಿನವನಿಗೆ ಸುಳ್ಳನ್ನು ಕಲಿಸುತ್ತದೆ.