ಕರುಳಿನ ತಡೆ ಮತ್ತು ಕಾಲದ ಬೆಲೆ

ಬೆಳಗಾವಿ ಜಿಲ್ಲೆಯ ಭೋಜ ವೇದಗಂಗೆ, ದೂಧಗಂಗೆಯರ ಸೀಮೆಯ ಊರು. ಅಲ್ಲಿಯ ರೈತನಿಗೆ ಕಾಲುವೆಯ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕಾಲುವೆಗೆ ಅಡ್ಡವಾಗಿ ಮಣ್ಣು ಕುಸಿದರೆ ಮುಂದಿನ ಹೊಲ ಒಣಗುತ್ತದೆ. ಹಿಂದೆ ನೀರು ಉಬ್ಬಿ ಕೊನೆಗೆ ದಂಡೆಯೇ ಒಡೆಯುತ್ತದೆ. ಮನುಷ್ಯನ ಕರುಳಿಗೆ ತಡೆಯುಂಟಾದಾಗ ಆಗುವುದೂ ಇದೇ.

ನಮ್ಮ ಜೀರ್ಣಾಂಗಗಳೊಳಕ್ಕೆ ದಿನವೊಂದಕ್ಕೆ ಸುಮಾರು 7 ಲೀಟರಿನಷ್ಟು ರಸ ಸುರಿಯುತ್ತದೆ. ಅದರಲ್ಲಿ ಬಹುಪಾಲನ್ನು ಕರುಳು ಮರಳಿ ಹೀರಿಕೊಳ್ಳುತ್ತದೆ. ದಾರಿ ಕಟ್ಟಿದಾಗ ಆ ರಸವೆಲ್ಲ ಅಲ್ಲಿಯೇ ನಿಲ್ಲುತ್ತದೆ. ಅಲೆಯಲೆಯಾಗಿ ಬರುವ ನೋವು, ವಾಂತಿ, ಹೊಟ್ಟೆಯುಬ್ಬರ, ಮಲವೂ ವಾಯುವೂ ಹೊರಹೋಗದಿರುವುದು: ಇವೇ ಲಕ್ಷಣಗಳು. ಕಾರಣಗಳು ಹಲವು. ಸಿಕ್ಕಿಕೊಂಡ ಹರ್ನಿಯಾ, ಹಿಂದಿನ ಶಸ್ತ್ರಕ್ರಿಯೆಯಿಂದುಳಿದ ಅಂಟುಗಳು, ಕರುಳಿನ ತಿರುಚು, ಕ್ಷಯ, ಗಡ್ಡೆ.

ಇಂಥ ಹೊತ್ತಿನಲ್ಲಿ ಮನೆಯ ಹಿರಿಯರ ಕೈ ಮೊದಲು ಹೋಗುವುದು ಹರಳೆಣ್ಣೆಯ ಸೀಸೆಯ ಕಡೆಗೆ. ಅವರ ಅಕ್ಕರೆಯನ್ನು ಅನುಮಾನಿಸಬೇಕಾಗಿಲ್ಲ. ಆದರೆ ಕಟ್ಟಿದ ಕಾಲುವೆಗೆ ಇನ್ನಷ್ಟು ನೀರು ಬಿಟ್ಟಂತೆ, ಭೇದಿಯ ಔಷಧ ದಣಿದ ಕರುಳನ್ನು ಮತ್ತಷ್ಟು ಹಿಂಡುತ್ತದೆ.

ಈ ರೋಗವನ್ನು ನಮ್ಮ ಪೂರ್ವಿಕರು ಅರಿಯದಿದ್ದವರಲ್ಲ. ಸುಶ್ರುತ ಸಂಹಿತೆ ಇದನ್ನು ಬದ್ಧಗುದೋದರವೆಂದು ಕರೆದು, ಹೊಕ್ಕುಳ ಕೆಳಗೆ ಎಡಭಾಗದಲ್ಲಿ ಹೊಟ್ಟೆಯನ್ನು ಸೀಳಿ, ಕರುಳನ್ನು ಹೊರತೆಗೆದು, ಅಡಚಣೆಯನ್ನು ನಿವಾರಿಸುವ ವಿಧಾನವನ್ನು ವಿವರಿಸುತ್ತದೆ. ತೂತಾದ ಕರುಳಿನ ಅಂಚುಗಳನ್ನು ಕಪ್ಪಿರುವೆಗಳಿಂದ ಕಚ್ಚಿಸಿ ಕೂಡಿಸುವ ಮಾತೂ ಅಲ್ಲಿದೆ.

ಭೋಜದ ಸೀಮೆಯವರಿಗೆ ಆಧುನಿಕ ಶಸ್ತ್ರವೈದ್ಯದ ಹೆಸರಾಂತ ನೆಲೆಯಾಗಿದ್ದುದು ಮೀರಜ. ಅಲ್ಲಿ 1894ರಲ್ಲಿ ಡಾಕ್ಟರ್ ವಿಲಿಯಂ ವಾನ್‌ಲೆಸ್ ಅವರು ಮಿಷನ್ ಆಸ್ಪತ್ರೆಯನ್ನು ಕಟ್ಟಿದರು. ಆದರೆ ಮೀರಜಕ್ಕೆ ಹೋಗಲು ಕೃಷ್ಣೆಯನ್ನು ದಾಟಬೇಕು. ಚಕ್ಕಡಿಯ ಕಾಲದಲ್ಲಿ, ತುಂಬಿದ ಹೊಳೆಯ ದಿನಗಳಲ್ಲಿ, ಅಲ್ಲಿಗೆ ಎಷ್ಟು ದೂರವೆಂಬುದನ್ನು ಮೈಲಿಗಳಲ್ಲಿ ಅಳೆಯುವಂತಿರಲಿಲ್ಲ.

1930ರ ದಶಕದಲ್ಲಿ ಅಮೆರಿಕದ ವಾಂಗನ್‌ಸ್ಟೀನ್ ಅವರು ಮೂಗಿನಿಂದ ಜಠರಕ್ಕೆ ನಳಿಕೆಯನ್ನಿಳಿಸಿ, ತುಂಬಿನಿಂತ ರಸವನ್ನು ಹೀರಿ ತೆಗೆಯುವ ಕ್ರಮವನ್ನು ಬಳಕೆಗೆ ತಂದು ಅಸಂಖ್ಯ ಜೀವಗಳನ್ನು ಉಳಿಸಿದರು. ಈಗ ನಳಿಕೆಯೊಂದಿಗೆ ರಕ್ತನಾಳದ ಮೂಲಕ ನೀರು, ಲವಣಗಳನ್ನು ಕೊಡುತ್ತಾರೆ. ಅಂಟುಗಳಿಂದಾದ ತಡೆ ಹಲವು ಸಲ ಕತ್ತಿಯಿಲ್ಲದೆಯೇ ಬಿಡಿಸಿಕೊಳ್ಳುತ್ತದೆ. ಆದರೆ ಕರುಳಿನ ರಕ್ತ ಸಂಚಾರ ನಿಂತಿದೆಯೆಂಬ ಶಂಕೆ ಬಂದರೆ ಕಾಯುವಂತಿಲ್ಲ. ಕೆಲವೇ ಗಂಟೆಗಳಲ್ಲಿ ಅದು ಸಾಯುತ್ತದೆ.

ಹೊಟ್ಟೆಯನ್ನು ತೆರೆದು ಬಿಗಿತವನ್ನು ಬಿಡಿಸಿದ ಮೇಲೆ, ಶಸ್ತ್ರವೈದ್ಯನು ಕಪ್ಪಿಟ್ಟ ಕರುಳಿಗೆ ಬೆಚ್ಚಗಿನ ಒದ್ದೆ ಬಟ್ಟೆಯನ್ನು ಹೊದಿಸಿ ಕೆಲವು ನಿಮಿಷ ಸುಮ್ಮನೆ ಕಾಯುವುದುಂಟು. ಬಣ್ಣ ಮರಳಿತೆ? ನಾಡಿ ಮಿಡಿಯಿತೆ? ಮುಟ್ಟಿದರೆ ಅಲುಗಿತೆ? ಹೌದಾದರೆ ಅದನ್ನು ಹಾಗೆಯೇ ಒಳಗಿಡುತ್ತಾನೆ. ಅಲ್ಲವಾದರೆ ಸತ್ತ ಭಾಗವನ್ನು ಕತ್ತರಿಸಿ, ಸಾಧ್ಯವಾದರೆ ಉಳಿದ ತುದಿಗಳನ್ನು ಕೂಡಿಸುತ್ತಾನೆ.

ಆ ಪ್ರಶ್ನೆಗಳಿಗೆ ದೊರೆಯುವ ಉತ್ತರ ಆಸ್ಪತ್ರೆಯಲ್ಲಿ ಮಾತ್ರ ನಿರ್ಧಾರವಾಗುವುದಿಲ್ಲ; ಮನೆಯಲ್ಲಿ ಕಳೆದ ಗಂಟೆಗಳಲ್ಲಿಯೂ ಆಗುತ್ತಿರುತ್ತದೆ. ತೊಡೆಯ ಸಂದಿನ ಬಾವನ್ನು ನಾಚಿಕೆಯಿಂದ ಸೆರಗಿನ ಮರೆಯಲ್ಲಿ ವರ್ಷಗಟ್ಟಲೆ ಅಡಗಿಸಿದ ತಾಯಂದಿರಿದ್ದಾರೆ. ಅದನ್ನು ನೋವಿಲ್ಲದ ದಿನದಲ್ಲಿಯೇ ವೈದ್ಯರಿಗೆ ತೋರಿಸಬೇಕು. ಆದರೆ ಹೊಟ್ಟೆಯುಬ್ಬಿ ವಾಂತಿ ನಿಲ್ಲದಿದ್ದಾಗ, ಹರಳೆಣ್ಣೆಯನ್ನು ಮುಟ್ಟದೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಇಂದು ಹೊಳೆಗೆ ಸೇತುವೆಯಿದೆ, ಬಾಗಿಲಿಗೆ ವಾಹನ ಬರುತ್ತದೆ. ಹೊರಡುವ ನಿರ್ಧಾರವನ್ನು ಮಾತ್ರ ಮನೆಯವರೇ ಮಾಡಬೇಕು.