ಬಿ.ಪಿ. ಯಂತ್ರಕ್ಕೆ ನಮ್ಮ ವಿಳಾಸವೇಕೆ?

ರಕ್ತದೊತ್ತಡ ನೋಡುವ ಯಂತ್ರ ಈಗ ಎಷ್ಟೋ ಮನೆಗಳಲ್ಲಿದೆ. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ, ಕೆಲವು ಯಂತ್ರಗಳು ಅಂಕಿಯನ್ನು ಬ್ಲೂಟೂತ್ ಮೂಲಕ ಮೊಬೈಲಿಗೂ ಕಳಿಸುತ್ತವೆ. ಅದಕ್ಕೊಂದು ಆ್ಯಪ್ ಬೇಕು. ತೆರೆದ ಕೂಡಲೇ ಅದು ಎಷ್ಟೋ ಬಾರಿ ಲೊಕೇಶನ್ ಅನುಮತಿ ಕೇಳುತ್ತದೆ. ಕೊಡುವುದಿಲ್ಲ ಎಂದರೆ ಕೆಲವು ಆ್ಯಪ್‌ಗಳು ಮುಂದಕ್ಕೇ ಹೋಗುವುದಿಲ್ಲ.

ಇದಕ್ಕೆ ಹಿಂದೆ ಕಾರಣವಿತ್ತು. ಮಾಲ್, ವಿಮಾನ ನಿಲ್ದಾಣಗಳಲ್ಲಿ ಬೀಕನ್ ಎಂಬ ಪುಟ್ಟ ಬ್ಲೂಟೂತ್ ಸಾಧನಗಳು ತಮ್ಮ ಗುರುತನ್ನು ಸದಾ ಬಿತ್ತರಿಸುತ್ತಿರುತ್ತವೆ. ಬೀಕನ್ ಎಲ್ಲಿದೆಯೆಂದು ಬಲ್ಲವರಿಗೆ, ಅದರ ಸಂಕೇತ ಹಿಡಿದ ಮೊಬೈಲ್ ಎಲ್ಲಿದೆಯೆಂದೂ ತಿಳಿಯುತ್ತದೆ. ಹೀಗಾಗಿ 2015ರ ಆಂಡ್ರಾಯ್ಡ್ 6ರಲ್ಲಿ, ಸುತ್ತಲಿನ ಬ್ಲೂಟೂತ್ ಸಾಧನ ಹುಡುಕಲು ಲೊಕೇಶನ್ ಅನುಮತಿ ಕಡ್ಡಾಯವಾಯಿತು. ಜನರನ್ನು ಎಚ್ಚರಿಸಲೆಂದೇ ಮಾಡಿದ ನಿಯಮ ಅದು. ಆದರೆ ಬ್ಲೂಟೂತ್‌ಗೆಂದು ಕೊಟ್ಟ ಒಪ್ಪಿಗೆಯಿಂದ ನಮ್ಮ ಓಡಾಟವನ್ನೂ ಅರಿಯುವ ದಾರಿ ತೆರೆಯಿತು.

2021ರ ಆಂಡ್ರಾಯ್ಡ್ 12 ಈ ಗಂಟನ್ನು ಬಿಡಿಸಿತು. ಹತ್ತಿರದ ಸಾಧನಗಳಿಗೆಂದೇ ಬೇರೆ ಅನುಮತಿ ಬಂತು. ಬ್ಲೂಟೂತ್‌ನಿಂದ ಜಾಗ ಪತ್ತೆ ಮಾಡುವುದಿಲ್ಲ ಎಂದು ಆ್ಯಪ್ ಘೋಷಿಸಿಕೊಂಡರೆ ಲೊಕೇಶನ್ ಬೇಕಾಗಿಯೇ ಇಲ್ಲ. ಹೊಸ ಫೋನಿನಲ್ಲೂ ಬಿ.ಪಿ. ಆ್ಯಪ್ ಲೊಕೇಶನ್‌ಗೇ ಪಟ್ಟು ಹಿಡಿದರೆ, ತಯಾರಕರು ಅದನ್ನು ಪರಿಷ್ಕರಿಸಿಲ್ಲ, ಇಲ್ಲವೇ ಅವರಿಗೆ ನಮ್ಮ ಓಡಾಟದ ಮಾಹಿತಿಯೇ ಬೇಕಾಗಿದೆ. ರಾತ್ರಿ ಎಲ್ಲಿ ಮಲಗುತ್ತೇವೆ, ಯಾವ ಆಸ್ಪತ್ರೆಗೆ ಹೋಗುತ್ತೇವೆ ಎಂಬುದು ಕಾಯಿಲೆಯ ಅಂಕಿಗಳ ಜೊತೆ ಒಂದೇ ಕಡೆ ಸೇರುವುದು ಸಣ್ಣ ಮಾತಲ್ಲ.

ಖಾಸಗಿತನ ನಮ್ಮ ಮೂಲಭೂತ ಹಕ್ಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಹೀಗೆಂದು ಸಾರಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೊಂದು ಉದಾಹರಣೆಯಿದೆ: ವೈದ್ಯಕೀಯ ಸಲಹೆ ಕೊಡುವ ಆ್ಯಪ್ ಫೋನಿನಲ್ಲಿರುವ ನಂಬರುಗಳ ಪಟ್ಟಿಯನ್ನು ಕೇಳಿ, ಬಳಕೆದಾರರು ಒಪ್ಪಿದರೂ, ಆ ಸೇವೆಗೆ ಪಟ್ಟಿ ಬೇಕಿಲ್ಲವಾದ್ದರಿಂದ ಒಪ್ಪಿಗೆ ಅದಕ್ಕೆ ಅನ್ವಯಿಸದು. ಲೊಕೇಶನ್‌ಗೂ ಇದೇ ನ್ಯಾಯ ಸಲ್ಲಬೇಕು.

ನಾವು ಮಾಡಬಹುದಾದದ್ದೂ ಇದೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಅನುಮತಿಗಳನ್ನು ತೆರೆದು ಲೊಕೇಶನ್ ನಿರಾಕರಿಸಿ ನೋಡಿ. ಅನೇಕ ಬಾರಿ ಕೆಲಸ ನಿಲ್ಲುವುದಿಲ್ಲ. ಹಳೆಯ ಫೋನಿನಲ್ಲಿ ಕೊಡಲೇಬೇಕಾದರೆ, ಆ ಆಯ್ಕೆಯಿದ್ದಲ್ಲಿ, ಆ್ಯಪ್ ಬಳಸುವಾಗ ಮಾತ್ರ ಎಂಬುದನ್ನು ಆರಿಸಿ. ಆ್ಯಪ್ ಅಷ್ಟಕ್ಕೂ ಒಪ್ಪದಿದ್ದರೆ ತೆಗೆದುಹಾಕಿ, ಕಾರಣವನ್ನು ಕಂಪನಿಗೆ ಬರೆಯಿರಿ. ಅಂಕಿ ಯಂತ್ರದ ಪರದೆಯ ಮೇಲೂ ಕಾಣುತ್ತದೆ. ದಿನಾಂಕ ಹಾಕಿ ಪುಸ್ತಕದಲ್ಲಿ ಬರೆದಿಟ್ಟರೆ ಡಾಕ್ಟರಿಗೆ ತೋರಿಸಲು ಅಷ್ಟು ಸಾಕು.